ಕಚ್ಚಿ ನೋಡಿದ ಕಾಳು

ಶಿಕಾರಿಪುರ
18 ನವೆಂಬರ್ 2024

ಶ್ರೀ ಉಜ್ಜಪ್ಪನವರ ಗಮನಕ್ಕೆ,

ಇದು ಪತ್ರ, ಮಾತಲ್ಲ. ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ಎರಡು ವರ್ಷದ ಹಿಂದೆ ನನ್ನ ಮಗಳು ಅಶ್ವಿನಿ ನಿಮ್ಮ ಮಗ ನಾಗೇಶನನ್ನು ರಿಜಿಸ್ಟರ್ ಮದುವೆಯಾದ ದಿನ, ನಾನು ನಾಲ್ಕು ಜನ ಹಿರಿಯರ ಮುಂದೆ ನಿಂತು, “ಆ ಮನಿಯವರ ಜೋಡಿ ಈ ಜನ್ಮದಾಗ ಮಾತಾಡಂಗಿಲ್ಲ” ಎಂದು ಹೇಳಿದ್ದೆ. ಬರೆಯುವುದಿಲ್ಲ ಎಂದು ಹೇಳಿರಲಿಲ್ಲ. ಈ ಬಗ್ಗೆ ಆ ನಾಲ್ವರಲ್ಲಿ ಇಬ್ಬರನ್ನು ಕಂಡು ಖಾತ್ರಿ ಮಾಡಿಕೊಂಡಿದ್ದೇನೆ. ಮೂರನೆಯವರಿಗೆ ಅವತ್ತೂ ಕಿವಿ ಕೇಳಿಸುತ್ತಿರಲಿಲ್ಲ, ನಾಲ್ಕನೆಯವರು ತೀರಿಕೊಂಡಿದ್ದಾರೆ. ಹಾಗಾಗಿ ತೊಡಕೇನೂ ಇಲ್ಲ.

ವಿಷಯ: ನಾಯಿ.

ಚಕ್ಕುಲಿ ಎಂಬ ಹೆಸರಿನ, ಹೆಸರಿಗೆ ತಕ್ಕ ಬಾಲದ, ಬಿಳಿ ಪೊಮೇರಿಯನ್ ಮೊನ್ನೆ ಸಂಜೆ ನಾಗೇಶನ ಬೈಕಿನ ಟ್ಯಾಂಕಿನ ಮೇಲೆ ಕುಳಿತು ನಮ್ಮ ಮನೆ ಮುಂದೆ ಬಂದಿಳಿಯಿತು. ಸೊರಬದಲ್ಲಿ ಅವರಿಬ್ಬರ ಬಾಡಿಗೆ ಮನೆಗೆ ಬೀಗ ಬಿದ್ದ ಮೇಲೆ ಅದು ನಿಮ್ಮ ಹಟ್ಟಿಯಲ್ಲಿ ಇತ್ತಂತೆ. ಅಲ್ಲಿ ಒಂದು ಕುರಿಮರಿ ಮೂಸಿ ನೋಡಿದ್ದಕ್ಕೆ ಹೆದರಿ ಓಡಿತಂತೆ. ಓಡಿದ್ದಕ್ಕೆ ನಿಮ್ಮ ಹಟ್ಟಿ ನಾಯಿ ಅದರ ಕಿವಿ ಹರಿಯಿತಂತೆ. ಹರಿದ ಕಿವಿಯನ್ನು ಅಶ್ವಿನಿ ಮೊಬೈಲಿನಲ್ಲಿ ನೋಡಿದಳು, ಅವಳ ಬಿ.ಪಿ. ಏರಿತು. ಕುರಿಗೆ ಹೆದರುವ ನಾಯಿಯನ್ನು ನಾನು ಈವರೆಗೆ ಕಂಡಿರಲಿಲ್ಲ. ಇರಲಿ.

ಅವಳ ಸ್ಥಿತಿ ನಿಮಗೆ ನಾಗೇಶನಿಂದ ತಿಳಿದಿರುತ್ತದೆ. ಏಳನೇ ತಿಂಗಳಲ್ಲೇ ಬಿ.ಪಿ. ಹೆಚ್ಚಾಗಿ ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ನನ್ನ ಮನೆಯವಳು ಮಹಾದೇವಮ್ಮ ಜೊತೆಗಿದ್ದಾಳೆ. ಮಗು ಹೊಟ್ಟೆಯಲ್ಲಿ ಎಷ್ಟು ದಿನ ಉಳಿದರೆ ಅಷ್ಟು ಒಳ್ಳೆಯದು, ತಾಯಿಗೆ ಯಾವ ಚಿಂತೆಯನ್ನೂ ಹಚ್ಚಬೇಡಿ ಎಂದು ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಅವಳಿಗಿರುವ ಚಿಂತೆ ಒಂದೇ, ಚಕ್ಕುಲಿ ಉಂಡಿತೋ ಇಲ್ಲವೋ ಎಂಬುದು. ದಿನಾ ಸಂಜೆ ನಾಯಿ ಉಣ್ಣುವ ವಿಡಿಯೋ ಬೇಕು. ಹೀಗೆ ನನ್ನ ಮೊಮ್ಮಗುವಿನ ಯೋಗಕ್ಷೇಮ ಒಂದು ನಾಯಿಯ ಹಸಿವಿನ ಮೇಲೆ ನಿಂತಿದೆ. ಮೆಕ್ಕೆಜೋಳದ ವ್ಯಾಪಾರದಲ್ಲಿ ತಲೆ ನರೆಸಿಕೊಂಡವನು ನಾನು. ಇಂಥ ಅಪಾಯದ ವ್ಯವಹಾರಕ್ಕೆ ಎಂದೂ ಕೈ ಹಾಕಿದವನಲ್ಲ.

ನಾಗೇಶ ಎರಡು ಥರದ ಆಹಾರ ಬಿಟ್ಟು ಹೋಗಿದ್ದಾನೆ. ಒಂದು ನಾಯಿಕಾಳು, ಕಂಪನಿಯವರು ನಾಯಿಗೆಂದೇ ಚೀಲದಲ್ಲಿ ಮಾರುವ ಒಣ ಆಹಾರ. ಇನ್ನೊಂದು, ಬರೆಯಲು ಪೆನ್ನು ಹಿಂದೆ ಸರಿಯುತ್ತದೆ, ಹಸಿ ಕುರಿಮಾಂಸವನ್ನು ಮಂಜುಗಟ್ಟಿಸಿ ಒಣಗಿಸಿದ್ದು. ನೀರಿಗೆ ಹಾಕಿದರೆ ಮತ್ತೆ ಹಸಿ ಮಾಂಸವೇ ಆಗುತ್ತದಂತೆ! ನಮ್ಮದು ಲಿಂಗ ಕಟ್ಟಿದ ಮನೆ. ಅವ್ವ ಅಕ್ಕನಾಗಮ್ಮನಿಗೆ ಎಂಬತ್ತು ದಾಟಿದೆ, ಇಂದಿಗೂ ಪೂಜೆ ಮುಗಿಯದೆ ನೀರು ಮುಟ್ಟುವುದಿಲ್ಲ. ಆದ್ದರಿಂದ ಎರಡನೇ ಪೊಟ್ಟಣವನ್ನು ಈ ಪತ್ರ ತರುವ ಬಸ್ಸಿನಲ್ಲೇ ನಿಮಗೆ ವಾಪಸ್ ಕಳಿಸಿದ್ದೇನೆ.

ಕಾಳಿನ ಬಗ್ಗೆ ನನ್ನ ಆಕ್ಷೇಪಣೆ ಇಲ್ಲ. ಯಾವ ಮಾಲು ಬಂದರೂ ಒಂದು ಕಾಳು ಹಲ್ಲಿಗಿಟ್ಟು ಕಚ್ಚಿ ನೋಡದೆ ನಾನು ಒಳಗೆ ಬಿಟ್ಟುಕೊಳ್ಳುವವನಲ್ಲ. ಇದನ್ನೂ ಕಚ್ಚಿದೆ. ಕಟಕ್ಕೆಂದು ಮುರಿಯಿತು. ತೇವ ಇಲ್ಲ, ಚೆನ್ನಾಗಿ ಒಣಗಿದೆ, ಮುರಿದ ಕಾಳು ಕಡಿಮೆ. ಫಸ್ಟ್ ಕ್ವಾಲಿಟಿ. ಹುಳ ಬೀಳದಿರಲಿ ಎಂದು ಡಬ್ಬಿಗೆ ಬೇವಿನ ಸೊಪ್ಪು ಹಾಕಿಟ್ಟಿದ್ದೇನೆ. ಆದರೂ ನಾಯಿ ಮೂಸಿ ಮೂಸಿ ಹಿಂದೆ ಹೋಗುತ್ತದೆ. ನಿಮ್ಮ ಹಟ್ಟಿಯಲ್ಲಿ ಅದು ಏನು ತಿನ್ನುತ್ತಿತ್ತು, ತಿಳಿಸುವುದು.

ಇಂತಿ,
ವೀರಬಸಪ್ಪ


ಆನವಟ್ಟಿ
22 ನವೆಂಬರ್ 2024

ವೀರಬಸಪ್ಪನವರಿಗೆ ಉಜ್ಜಪ್ಪನ ಶರಣು.

ಪತ್ರ, ಪೊಟ್ಟಣ ಎರಡೂ ಕಂಡಕ್ಟರ್ ರಾಜಪ್ಪನ ಕೈಯಿಂದ ಬಂದು ಮುಟ್ಟಿದವು. ಪೊಟ್ಟಣಕ್ಕೆ ನೀವು ಸುತ್ತಿದ ದಾರ ಬಿಚ್ಚಲು ನಮಗೆ ಅರ್ಧ ದಿನ ಹಿಡಿಯಿತು. ಒಳಗಿನ ಕುರಿ ಎದ್ದು ಓಡೀತೆಂಬ ಭಯವಿತ್ತೇನೋ. ರಾಜಪ್ಪ ಅದನ್ನು ತೋಳಿನುದ್ದ ದೂರ ಹಿಡಿದುಕೊಂಡು ಇಳಿದ. “ಉಜ್ಜಣ್ಣ, ಇದ್ರಾಗೆ ಏನೈತೆ ಮಾರಾಯ? ಸಾವ್ಕಾರ್ರು ಕೊಡೋವಾಗ ಮಖ ಆಕಡೆ ತಿರುಗ್ಸಿದ್ರು!” ಎಂದ.

ಮೊದಲು ಆ ಬೇವಿನ ಸೊಪ್ಪು ತೆಗೆಯಿರಿ. ನಾಯಿಗಿರುವ ಮೂಗು ನಿಮಗಿದ್ದರೆ ನೀವೂ ಉಪವಾಸ ಇರುತ್ತಿದ್ದಿರಿ. ಹುಳ ಬಿದ್ದರೆ ಬೀಳಲಿ, ಅದಕ್ಕೆ ಸಾರಿನ ಜೊತೆ ನಂಚಿಕೊಳ್ಳಲು ಆಗುತ್ತದೆ. ನಮ್ಮಲ್ಲಿದ್ದಾಗ ಅದು ತಿಂದದ್ದು ನಾಗೇಶ ತಂದದ್ದನ್ನೇ. ಒಂದು ಹೊತ್ತು ಕಾಳು, ಒಂದು ಹೊತ್ತು ನೀವು ವಾಪಸ್ ಕಳಿಸಿದ್ದು. ಎರಡನೆಯದಕ್ಕೆ ಬಾಲ ಜಾಸ್ತಿ ಆಡಿಸುತ್ತಿತ್ತು. ನಾವು ಬಿಸಿಲಿಗೆ ಹಗ್ಗ ಕಟ್ಟಿ ಒಣಗಿಸುವುದನ್ನು ಕಂಪನಿಯವರು ಮಂಜಿನಲ್ಲಿ ಒಣಗಿಸುತ್ತಾರೆ, ಅಷ್ಟೇ ಫರಕು. ನಮ್ಮದಕ್ಕೆ ಕಾಗೆ ಬರುತ್ತದೆ, ಅವರದಕ್ಕೆ ನಾಗೇಶ ಹೋಗುತ್ತಾನೆ.

ಇನ್ನು ಆ ಕಾಳು ಕಚ್ಚಿ ನೋಡಿದ ಸಂಗತಿ. ಅದನ್ನು ನನ್ನ ಮನೆಯವಳು ದ್ಯಾಮಮ್ಮನಿಗೂ ಓದಿ ಹೇಳಿದೆ. ಅವಳು ಸೆರಗು ಬಾಯಿಗಿಟ್ಟುಕೊಂಡು, “ಸುಮ್ನಿರ್ರಿ. ಏನೂ ಬರೀಬ್ಯಾಡ್ರಿ” ಎಂದಳು. ಅದಕ್ಕೇ ಏನೂ ಬರೆಯುತ್ತಿಲ್ಲ. ಒಂದೇ ವಿನಂತಿ, ಮುಂದಿನ ಚೀಲ ಬಂದಾಗ ಕಚ್ಚುವ ತ್ರಾಸು ತೆಗೆದುಕೊಳ್ಳಬೇಡಿ. ಆ ಕಾಳು ಚೆನ್ನಾಗಿಯೇ ಇರುತ್ತದೆ.

ನಾವಿಬ್ಬರೂ ಶಿವಮೊಗ್ಗಕ್ಕೆ ಹೋಗಿ ಹುಡುಗಿಯನ್ನು ನೋಡಿಕೊಂಡು ಬರಬೇಕೆಂದಿದ್ದೆವು. ಕುರಿ ಬಿಟ್ಟು ಹೊರಡಲು ಆಗಲಿಲ್ಲ. ದ್ಯಾಮಮ್ಮ ಎರಡು ಸಲ ಸೀರೆ ಉಟ್ಟು ಮತ್ತೆ ಬಿಚ್ಚಿಟ್ಟಳು. ಅಲ್ಲಿ ಮಹಾದೇವಮ್ಮನವರು ಇದ್ದಾರಲ್ಲ, ನೋಡಿಕೊಳ್ಳುತ್ತಾರೆ.

ನಿಮ್ಮವನೇ ಎಂದು ಬರೆಯಬಹುದೋ ಬಾರದೋ ತಿಳಿಯದ,
ಉಜ್ಜಪ್ಪ


ಶಿಕಾರಿಪುರ
5 ಡಿಸೆಂಬರ್ 2024

ಶ್ರೀ ಉಜ್ಜಪ್ಪನವರಿಗೆ,

ಬೇವು ತೆಗೆದೆ. ನಾಯಿ ಒಂದು ವಾರ ಉಂಡಿತು. ನನಗೂ ನಿದ್ದೆ ಬಂತು. ಆಮೇಲೆ ಅರ್ಧ ಉಂಡಿತು. ಈಗ ತಟ್ಟೆಯ ಮುಂದೆ ಕುಳಿತು ನನ್ನ ಮುಖವನ್ನೇ ನೋಡುತ್ತದೆ, ಸಾಲ ವಾಪಸ್ ಕೇಳಲು ಬಂದ ನೆಂಟನ ಹಾಗೆ. ತುಪ್ಪ ಹಾಕಿದೆ, ತುಪ್ಪ ನೆಕ್ಕಿ ಕಾಳು ಬಿಟ್ಟಿತು. ಮೊಸರು ಹಾಕಿದೆ, ಮೊಸರು ನೆಕ್ಕಿ ಕಾಳು ಬಿಟ್ಟಿತು. ತೊಳೆದ ಮುತ್ತಿನಂತೆ ಕಾಳು ಹಾಗೇ ಉಳಿದಿದ್ದವು. ರೊಟ್ಟಿ ಮುರಿದು ಹಾಕಿದರೆ ಅದನ್ನು ಒಯ್ದು ದಾಸವಾಳದ ಬುಡದಲ್ಲಿ ಹೂತಿಟ್ಟು ಬಂತು. ಮೈ ಇಳಿದುಹೋಗಿದೆ. ಕೂದಲೊಳಗೆ ಕೈಯಿಟ್ಟರೆ ಪಕ್ಕೆಲುಬು ಸಿಗುತ್ತದೆ.

ಪಶು ಆಸ್ಪತ್ರೆಯ ಡಾಕ್ಟರು ಬಾಯಿ ತೆಗೆಸಿ ನೋಡಿ, “ಹಲ್ಲು ಚಲೋ ಅದಾವ್ರಿ, ಜ್ವರ ಇಲ್ಲ. ಯಜಮಾನಿ ಇಲ್ಲ ಅಂತ ಕೊರಗಾಕತ್ತೈತಿ. ಏನ್ ಇಷ್ಟನೋ ಅದನ್ನ ಹಾಕ್ರಿ” ಎಂದರು. ಅದಕ್ಕೆ ಇಷ್ಟ ಯಾವುದೆಂದು ನನಗೆ ಗೊತ್ತು. ನಮ್ಮ ಮನೆಯಲ್ಲಿ ಆಗದ್ದೂ ಅದೇ.

ನಿನ್ನೆ ಒಂದು ಅನಾಹುತ ನಡೆಯಿತು. ನಾಯಿ ತಟ್ಟೆ ಮುಟ್ಟಲಿಲ್ಲ. ಅಶ್ವಿನಿಯ ಫೋನು ಬರುವ ಹೊತ್ತಾಯಿತು. ನಾನು ಹೋದ ವಾರದ ವಿಡಿಯೋವನ್ನೇ ಮತ್ತೊಮ್ಮೆ ಕಳಿಸಿದೆ. ಕೂಡಲೇ ಫೋನು: “ಅಪ್ಪಾಜಿ, ಹಿಂದ ತೂಗು ಹಾಕಿರೋ ಬಾಳೆಗೊನೆ ನಿನ್ನೆ ಹಣ್ಣಾಗಿತ್ತಲ್ಲ, ಇವತ್ತು ಯಾಕ ಕಾಯಿ ಆಗೈತಿ?”

ಬಾಳೆಗೊನೆ ನನ್ನ ವಿರುದ್ಧ ಸಾಕ್ಷಿ ಹೇಳೀತೆಂದು ಯಾರು ನೆನೆಸಿದ್ದರು? ಬೇರೆ ಗೊನೆ ಎಂದೆ. ನಂಬಲಿಲ್ಲ. ರಾತ್ರಿ ಬಿ.ಪಿ. ಮೇಲೆ ಹೋಗಿ ಹೊಸ ಮಾತ್ರೆ ಶುರು ಮಾಡಿದರು. ಹೀಗೇ ಮುಂದುವರಿದರೆ ಕಾಯಲಾಗದು, ಮಗು ಹೊರಗೆ ತೆಗೆಯಬೇಕಾಗುತ್ತದೆ ಎಂದರಂತೆ. ಇನ್ನೂ ಎಂಟನೇ ತಿಂಗಳು ತುಂಬಿಲ್ಲ. ನಾನು ಹೇಳಿದ ಒಂದು ಸುಳ್ಳಿಗೆ ಇಷ್ಟು.

ಬೇರೆ ಕಂಪನಿಯ ಕಾಳು ತರಿಸಿದ್ದೇನೆ. ನಿಮ್ಮ ವಿನಂತಿ ನೆನಪಿತ್ತು, ಆದರೆ ಅಭ್ಯಾಸ ಬಿಡುವುದಿಲ್ಲ, ಕಚ್ಚಿದೆ. ಹಿಂದಿನದಕ್ಕಿಂತ ತುಸು ಮೆತ್ತಗಿದೆ, ರುಚಿ ಪರವಾಗಿಲ್ಲ. ನಾಯಿ ಅದನ್ನೂ ಒಲ್ಲೆ ಎಂದಿತು. ಏನು ಮಾಡಬೇಕೋ ತೋಚದೆ ಬರೆಯುತ್ತಿದ್ದೇನೆ.

ಇಂತಿ,
ವೀರಬಸಪ್ಪ


ಅಂಬ್ಲಿಗೊಳ
14 ಡಿಸೆಂಬರ್ 2024

ವೀರಬಸಪ್ಪನವರಿಗೆ ಉಜ್ಜಪ್ಪನ ಶರಣು.

ಕುರಿ ಹೊಡೆದುಕೊಂಡು ಡ್ಯಾಮಿನ ಹಿಂದಕ್ಕೆ ಬಂದಿದ್ದೇವೆ. ನಿಮ್ಮ ಪತ್ರ ಆನವಟ್ಟಿಗೆ ಹೋಗಿ, ಅಲ್ಲಿಂದ ಹಾಲಿನ ಗಾಡಿಯಲ್ಲಿ ಇಲ್ಲಿಗೆ ಬಂತು. ತಡವಾಯಿತು. ಕುರಿ ಮೇಯುತ್ತಿವೆ, ನಾನು ಬೆಳಗಿನಿಂದ ಕಾಗದ ಹಿಡಿದು ಕೂತಿದ್ದೇನೆ. ತಮಾಷೆ ಬರೆಯಲು ಮನಸ್ಸಿಲ್ಲ.

ರಾಜಪ್ಪನ ಬಸ್ಸಿಗೆ ಇದರ ಜೊತೆ ಆ ಒಣಗಿಸಿದ ಮಾಂಸದ ಪೊಟ್ಟಣ ಮತ್ತೆ ಕಳಿಸಿದ್ದೇನೆ. ದಾರ ಸುತ್ತಿಲ್ಲ. ಉಗುರು ಬೆಚ್ಚಗಿನ ನೀರಲ್ಲಿ ನೆನೆಸಬೇಕು, ಕುದಿಯುವ ನೀರು ಬೇಡ. ಮೊದಲ ದಿನ ಒಂದು ಹಿಡಿ ಸಾಕು, ಹಸಿದ ಹೊಟ್ಟೆಗೆ ಹೆಚ್ಚಾದರೆ ವಾಂತಿ ಮಾಡುತ್ತದೆ. ಹಾಕಿದ ಮೇಲೆ ಕೈ, ಪಾತ್ರೆ ಸೋಪು ಹಚ್ಚಿ ತೊಳೆಯಬೇಕು ಅಂತ ನಾಗೇಶ ಹೇಳುತ್ತಾನೆ.

ಮಾಂಸ ಮನೆಯೊಳಗೆ ಬಿಡುವುದಿಲ್ಲ ಎಂದು ನೀವು ಹೇಳುತ್ತೀರಿ. ಆ ಮಾತಿಗೆ ಈಗ ಉತ್ತರ ಬರೆಯಲೇಬೇಕು.

ಸಾವ್ಕಾರ್ರೇ, ಕಾಳೂ ಮಾಂಸವೇ. ಕೋಳಿ. ಬೇಯಿಸಿ, ಅರೆದು, ಹಿಟ್ಟು ಬೆರೆಸಿ, ಯಂತ್ರದಲ್ಲಿ ಒತ್ತಿ ಕಾಳಿನ ಆಕಾರಕ್ಕೆ ತರುತ್ತಾರೆ. ಹೊಸದಾಗಿ ತರಿಸಿದಿರಲ್ಲ, ಮೆತ್ತಗಿದ್ದದ್ದು, ಅದೂ ಅದೇ ಇರಬೇಕು. ನೀವು ಮೊದಲ ಪತ್ರ ಬರೆದ ದಿನವೇ ನನಗೆ ಗೊತ್ತಿತ್ತು. ಹೇಳಿದರೆ ನೀವು ಅವತ್ತೇ ನಾಯಿಯನ್ನು ಬಸ್ಸಿಗೆ ಹತ್ತಿಸುತ್ತೀರಿ, ಹುಡುಗಿ ಹಾಸಿಗೆ ಮೇಲೆ ಅಳುತ್ತಾಳೆ ಎಂದು ಹೇಳಲಿಲ್ಲ. ಮೊದಮೊದಲು ನಗುವೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ನೀವು ಎರಡನೇ ಸಲ ಕಚ್ಚಿದೆ ಎಂದು ಬರೆದದ್ದು ಓದಿ ನಗು ಬರಲಿಲ್ಲ. ನಿಮ್ಮ ಕೊರಳಲ್ಲಿರುವ ಲಿಂಗ ನೆನಪಾಯಿತು.

ಬೈಯುವುದಿದ್ದರೆ ನನ್ನನ್ನು ಬೈಯಿರಿ. ನಾಯಿಯನ್ನು ಹೊರಗೆ ಹಾಕಬೇಡಿ. ಹಾಕಲೇಬೇಕು ಎನ್ನಿಸಿದರೆ ರಾಜಪ್ಪನಿಗೆ ಒಂದು ಮಾತು ಹೇಳಿ. ನಾನು ಬಂದು ನಿಮ್ಮ ಗೇಟಿನ ಹೊರಗೆ ನಿಂತು ಒಯ್ಯುತ್ತೇನೆ, ಒಳಗೆ ಬರುವುದಿಲ್ಲ. ಅಶ್ವಿನಿಗೆ ಮಾತ್ರ ತಿಳಿಯುವುದು ಬೇಡ.

ಉಜ್ಜಪ್ಪ


ಅಂಬ್ಲಿಗೊಳ
17 ಡಿಸೆಂಬರ್ 2024

ವೀರಬಸಪ್ಪನವರಿಗೆ,

ದಿನಾ ಸಂಜೆ ದಾರಿಗೆ ಬಂದು ಬಸ್ಸು ಕಾಯುತ್ತಿದ್ದೇನೆ. ರಾಜಪ್ಪ ಕಿಟಕಿಯಿಂದಲೇ ಎರಡು ಕೈ ತೋರಿಸಿ ಖಾಲಿ ಎನ್ನುತ್ತಾನೆ. ಆ ಪೊಟ್ಟಣ ಒಯ್ದ ಮೇಲೆ ನೀವು ಬಸ್‌ಸ್ಟ್ಯಾಂಡಿಗೇ ಬಂದಿಲ್ಲವಂತೆ. ನಿಮ್ಮ ಜೋಳದ ಮಂಡಿಯ ಬಾಗಿಲು ಒಂದು ದಿನ ಹಾಕಿತ್ತಂತೆ.

ನಾಗೇಶನನ್ನು ಕೇಳಿದೆ. ಲೈನ್‌ಮನ್ ಕೆಲಸದವನು, ಕಂಬದ ಮೇಲೆಯೇ ಫೋನೆತ್ತಿ, “ಅಪ್ಪಾ, ಎರಡು ದಿನದಿಂದ ವಿಡಿಯೋ ಬಂದಿಲ್ವಂತೆ. ಅವ್ಳು ಊಟ ಬಿಟ್ಟಿದಾಳೆ. ನೀ ಏನಾರ ಬರ್ದ್ಯಾ?” ಎಂದ. ಇಲ್ಲ ಎಂದೆ. ಅವನಿಗೆ ಕಂಬ ಇಳಿಯುವವರೆಗಾದರೂ ಧೈರ್ಯ ಇರಲಿ ಎಂದು.

ನಿನ್ನೆ ಒಂದು ಕುರಿ ಹಳ್ಳಕ್ಕೆ ಬಿತ್ತು. ಅದನ್ನು ಎತ್ತಲು ಹೋದವನು ಬಸ್ಸಿನ ಸದ್ದು ಕೇಳಿ ಬಿಟ್ಟು ಓಡಿದೆ. ದ್ಯಾಮಮ್ಮ ಬೈದಳು. ಕುರಿ ತಾನೇ ಎದ್ದು ಬಂತು.

ಒಂದು ಗೆರೆ ಬರೆಯಿರಿ. ಸಿಟ್ಟಿನದಾದರೂ ಆಗಲಿ.

ಉಜ್ಜಪ್ಪ


ಶಿಕಾರಿಪುರ
20 ಡಿಸೆಂಬರ್ 2024

ಉಜ್ಜಪ್ಪನವರೇ,

ನಿಮ್ಮ ಪತ್ರ ಓದಿದ್ದು ಮಂಡಿಯಲ್ಲಿ. ಎದುರಿಗೆ ರೈತನೊಬ್ಬ ಮೆಕ್ಕೆಜೋಳದ ಸ್ಯಾಂಪಲ್ ಹಿಡಿದು ನಿಂತಿದ್ದ. ಒಂದು ಕಾಳು ಎತ್ತಿಕೊಂಡೆ, ಬಾಯಿಗೆ ಹೋಗಲಿಲ್ಲ. “ಯಾಕ್ರಿ ಸಾವ್ಕಾರ್ರ, ಕಚ್ಚಂಗಿಲ್ಲೇನು? ಹಸಿ ಐತೇನ್ರಿ ಕಾಳು?” ಎಂದ. ನಾನು ಬಾಗಿಲು ಹಾಕಿ ಮನೆಗೆ ಬಂದೆ.

ಸ್ನಾನ ಮಾಡಿದೆ. ಮತ್ತೂ ಮಾಡಿದೆ. ಬೇವಿನ ಕಡ್ಡಿಯಿಂದ ಒಸಡು ರಕ್ತ ಬರುವವರೆಗೆ ಹಲ್ಲುಜ್ಜಿದೆ. ನಾಯಿಗೆ ಬೇವು ಬೇಡವೆಂದವರು ನೀವು, ನನಗೆ ಬೇಡವೆನ್ನಲಿಲ್ಲವಲ್ಲ. ಪೂಜೆಗೆ ಕುಳಿತರೆ ಅಂಗೈಯಲ್ಲಿ ಲಿಂಗ ಇಟ್ಟುಕೊಳ್ಳಲು ಕೈ ಏಳದು. ಯಾರಿಗೆ ಹೇಳಲಿ? ಮಠಕ್ಕೆ ಹೋಗಿ, “ಬುದ್ದೀ, ನಾಯಿ ಅನ್ನ ಕಚ್ಚೀನಿ” ಎಂದರೆ ಮೊದಲು ನಗು, ಆಮೇಲೆ ಸುದ್ದಿ. ನಿಮ್ಮ ಪೊಟ್ಟಣವನ್ನು ಗೇಟಿನ ಕಂಬದ ಮೇಲಿಟ್ಟು ಅದನ್ನೇ ನೋಡುತ್ತ ಎರಡು ದಿನ ಕಳೆದೆ. ಕಂಬದ ಕೆಳಗೆ ಚಕ್ಕುಲಿಯೂ ಅದನ್ನೇ ನೋಡುತ್ತ ಮಲಗಿತ್ತು. ಅದಕ್ಕೆ ಏಳುವ ಶಕ್ತಿಯೂ ಇರಲಿಲ್ಲ.

ಮಹಾದೇವಮ್ಮ ಫೋನು ಮಾಡಿದಳು: “ಅಕಿ ಗ್ವಾಡಿ ಕಡೆ ತಿರುಗಿ ಮಲಗ್ಯಾಳ. ನಾಯಿ ಸತ್ತೈತಿ, ಅಪ್ಪಾಜಿ ಮುಚ್ಚಿಡಾಕತ್ತಾರ ಅಂತಾಳ. ಮತ್ತ ಹಳೇ ವಿಡಿಯೋ ಕಳಿಸಿಗಿಳಿಸೀರಿ, ನಾ ಮನಿಗೆ ಬರಂಗಿಲ್ಲ ನೋಡ್ರಿ.”

ಕೊನೆಗೆ ಅವ್ವನ ಮುಂದೆ ಕುಳಿತು ಎಲ್ಲ ಹೇಳಿದೆ. ಕಾಳು, ಕೋಳಿ, ಒಂದಲ್ಲ ಎರಡು ಸಲ ಕಚ್ಚಿದ್ದು. ಕಣ್ಣಲ್ಲಿ ನೀರು ಬಂತು. ಅವ್ವ ಜಪದ ಮಣಿ ನಿಲ್ಲಿಸಿ ಕೇಳಿದಳು:

“ನಾಯಿ ಉಂಡ್ತೇನಪಾ?”

“ಇಲ್ಲವ್ವ.”

“ಮತ್ತ ನಿಂದೇನು ಹಚ್ಚೀಯೋ? ಮೊದಲು ಅದಕ್ಕ ಹಾಕು. ನಿನ್ನ ಸುದ್ದಿ ಆಮ್ಯಾಲ ಕೇಳತೀನಿ.”

ಬಚ್ಚಲ ಒಲೆಯ ನೀರು ತಂದೆ. ನೆನೆಸಿದೆ. ಮೂಗಿಗೆ ಟವೆಲು ಕಟ್ಟಿಕೊಂಡು ತಟ್ಟೆಯನ್ನು ಕೋಲಿನಿಂದ ಮುಂದಕ್ಕೆ ತಳ್ಳಿದೆ. ನಾಯಿ ಮೂಸಿತು, ತಲೆ ನೆಲಕ್ಕಿಟ್ಟಿತು. ಅವ್ವ ಕಟ್ಟೆಯ ಮೇಲಿಂದ, “ಕೋಲಿಲೆ ಹಾಕಿದ್ರ ಯಾರ್ ಉಣ್ತಾರೋ? ಕೈಲೆ ಹಾಕು” ಎಂದಳು. ಹಾಕಿದೆ ಉಜ್ಜಪ್ಪನವರೇ. ಈ ಬಲಗೈಯಿಂದಲೇ ಹಾಕಿದೆ. ಅದು ಮೊದಲು ನನ್ನ ಬೆರಳು ನೆಕ್ಕಿತು, ಆಮೇಲೆ ಉಂಡಿತು.

ವಿಡಿಯೋ ತೆಗೆದದ್ದು ಅವ್ವ. ಮೊದಲನೆಯದರಲ್ಲಿ ಆಕೆಯ ಹಣೆಯ ವಿಭೂತಿ ಮಾತ್ರ ಬಂದಿದೆ. ಎರಡನೆಯದು ಚೆನ್ನಾಗಿ ಬಂತು. ಕಳಿಸಿದೆ. ಅಶ್ವಿನಿ ಫೋನು ಮಾಡಿ, “ಅಪ್ಪಾಜಿ, ಅದು ನಿಮ್ಮ ಕೈ ಅಲ್ಲಾ?” ಎಂದಳು.

“ಸೋಪು ಹಚ್ಚಿ ತೊಳಕೊಂಡೀನಿ ಬಿಡವ್ವ” ಎಂದೆ.

ಅತ್ತಳು. ಎಷ್ಟು ಅತ್ತಳೆಂದರೆ ಬಿ.ಪಿ. ಮತ್ತೆ ಏರಿತು. ಡಾಕ್ಟರಮ್ಮ ಫೋನು ಕಿತ್ತುಕೊಂಡು ಗುಡುಗಿದರು: “ಏನ್ರೀ ಕಳ್ಸಿದ್ರಿ ಪೇಷಂಟ್‌ಗೆ?”

“ನಾಯಿ ಉಣ್ಣೋದ್ರಿ ಮೇಡಂ.”

“ಉಂಡ್ರೂ ಕಳಿಸ್ಬೇಡಿ, ಬಿಟ್ರೂ ಕಳಿಸ್ಬೇಡಿ!”

ಇಂಜೆಕ್ಷನ್ ಕೊಟ್ಟ ಮೇಲೆ ಸ್ವಲ್ಪ ಇಳಿದಿದೆಯಂತೆ. ಅವಳು ಎದ್ದು ಕುಳಿತು ಗಂಜಿ ಕುಡಿದಳಂತೆ.

ನೀವು ಮೊದಲೇ ಹೇಳದೆ ಇದ್ದದ್ದು ತಪ್ಪು. ಆಮೇಲೆ ಹೇಳಿದ್ದೂ ತಪ್ಪು. ಇವೆರಡರಲ್ಲಿ ಯಾವುದಕ್ಕೆ ಹೆಚ್ಚು ಸಿಟ್ಟಾಗಬೇಕೆಂದು ಇನ್ನೂ ತೀರ್ಮಾನವಾಗಿಲ್ಲ, ಆದ ಮೇಲೆ ತಿಳಿಸುತ್ತೇನೆ. ಅಷ್ಟರಲ್ಲಿ ಪೊಟ್ಟಣ ಮುಗಿಯುತ್ತ ಬಂದಿದೆ, ಇನ್ನೊಂದು ಕಳಿಸುವುದು.

ವೀರಬಸಪ್ಪ


ಶಿವಮೊಗ್ಗ
3 ಜನವರಿ 2025

ಬೀಗರಿಗೆ,

ಇದನ್ನು ನಾಗೇಶನ ಕೈಯಲ್ಲಿ ಕಳಿಸುತ್ತಿದ್ದೇನೆ. ಫೋನಿನಲ್ಲಿ ಅವನು ಹೇಳಿದ್ದು ನೀವು ಕೇಳಿರುತ್ತೀರಿ. ಮೊನ್ನೆ ಬೆಳಿಗ್ಗೆ ಬಿ.ಪಿ. ಯಾವ ಮಾತ್ರೆಗೂ ಬಗ್ಗಲಿಲ್ಲ, ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು. ಅಶ್ವಿನಿ ಕಣ್ಣು ಬಿಟ್ಟು ಮಾತಾಡಿದಳು. ಅವಳು ಕೇಳಿದ್ದು ಮೊದಲು ಮಗುವನ್ನು, ಆಮೇಲೆ ನಾಯಿಯನ್ನು, ನನ್ನನ್ನು ಕೇಳಲೇ ಇಲ್ಲ.

ಮಗು ನನ್ನ ಅಂಗೈಗಿಂತ ತುಸು ದೊಡ್ಡದು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಮೊಲೆ ಚೀಪುವ ಶಕ್ತಿ ಇನ್ನೂ ಬಂದಿಲ್ಲ, ತಾಯಿಯ ಹಾಲು ಹಿಂಡಿ ಒಳಲೆಯಲ್ಲಿ ಹನಿ ಹನಿಯಾಗಿ ಹಾಕುತ್ತಾರೆ. ಕುಡಿದು ತೂಕ ಹಿಡಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಕುಡಿಯದಿದ್ದರೆ ಏನು ಎಂದು ಯಾರೂ ಹೇಳುವುದಿಲ್ಲ, ನಾನೂ ಕೇಳಿಲ್ಲ.

ನಮ್ಮ ದೊಡ್ಡ ಪ್ರಶ್ನೆಗೆ ಪಶು ಆಸ್ಪತ್ರೆಯ ಡಾಕ್ಟರು ತೀರ್ಪು ಕೊಟ್ಟಿದ್ದಾರೆ. ಎಳೆಗೂಸು ಬರುವ ಮನೆಯಲ್ಲಿ ಹಸಿ ಮಾಂಸ ಬೇಡ, ಕಾಯಿಲೆ ಬರಬಹುದು, ನಾಯಿಗೆ ನಿಧಾನವಾಗಿ ಮತ್ತೆ ಕಾಳನ್ನೇ ರೂಢಿ ಮಾಡಿ ಎಂದರು. ಇಷ್ಟೆಲ್ಲ ಆದ ಮೇಲೆ! ಅವ್ವ ಎರಡನ್ನೂ ಕಲಸಿ ಕೈಯಿಂದ ಹಾಕುತ್ತಾಳೆ, ದಿನಕ್ಕೆ ಇಷ್ಟಿಷ್ಟು ಕಾಳು ಹೆಚ್ಚಿಸುತ್ತ. ಚಕ್ಕುಲಿ ಅವಳ ಜಪ ಮುಗಿಯುವವರೆಗೆ ಕಟ್ಟೆಯ ಕೆಳಗೆ ಕಾಯುತ್ತದಂತೆ. ಉಣ್ಣುತ್ತಿದೆ.

ಈಗ ನಾನು ಬರೆಯಲು ಕುಳಿತ ಕಾರಣ. ಸಂಜೆ ನಾಲ್ಕಕ್ಕೆ ಗಾಜಿನ ಹೊರಗೆ ನಿಂತು ನೋಡಲು ಬಿಡುತ್ತಾರೆ. ಇವತ್ತು ನಾನು ಹೋಗಿದ್ದೆ. ನರ್ಸಮ್ಮ ಹಾಲು ಹಾಕಿದಳು. ಒಂದಷ್ಟು ಕಟಬಾಯಿಂದ ಹೊರಗೆ ಬಂತು. ಒಂದಷ್ಟು ಒಳಗೆ ಹೋಯಿತೋ ಏನೋ. ಎಷ್ಟು ದಿಟ್ಟಿಸಿದರೂ ನನಗೆ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಮಹಾದೇವಮ್ಮ ಅಳುತ್ತಿದ್ದಳು, ಅವಳಿಗೂ ತಿಳಿಯಲಿಲ್ಲ. ಆಮೇಲೆ ಅವಳು, “ಬೀಗರು ಕುರಿಮರಿ ಹುಟ್ಟಿದ್ದು ಸಾಕಿದ್ದು ನೋಡಿದ ಮಂದಿ. ಅವರಿಗೆ ಬರ್ರಿ ಅಂತ ಹೇಳೋಕ ಇನ್ನಾ ಯಾರ ಅಪ್ಪಣೆ ಬೇಕು ನಿಮಗ?” ಎಂದಳು.

ಅವಧಿಗೆ ಮೊದಲು ಬಿದ್ದ ಎಷ್ಟೋ ಮರಿಗಳಿಗೆ ಹಾಲು ಕುಡಿಸಿದವರು ನೀವು. ಗಂಟಲು ಆಡಿತೋ ಇಲ್ಲವೋ, ನೀವೊಮ್ಮೆ ನೋಡಿ ಹೇಳಬೇಕು. ಕುರಿಯನ್ನು ಯಾರಿಗಾದರೂ ಒಪ್ಪಿಸಿ. ದ್ಯಾಮಮ್ಮನವರಿಗೆ ಈ ಸಲ ಉಟ್ಟ ಸೀರೆ ಬಿಚ್ಚಿಡಬೇಡಿ ಎಂದು ಹೇಳಿ. ನಾಳೆ ಮೊದಲ ಬಸ್ಸಿಗೆ ಹೊರಡಿ, ಗಾಜಿನ ಮುಂದೆ ನಿಮಗೆ ಜಾಗ ಹಿಡಿದಿರುತ್ತೇನೆ.

ನಿಮ್ಮ ದಾರಿ ನೋಡುತ್ತಿರುವ,
ವೀರಬಸಪ್ಪ